ಮುಂದೆ ನಡೆಯುವವರು

ಊರಬೀದಿಯ ಮೂಲೆಗೆ ಬಂದು ಚಟ್ಟ ನಿಂತಿತು. ಹೊತ್ತವರ ಕಣ್ಣು ಎದುರಿನ ಅರೆಕಟ್ಟಿದ ಮನೆಯ ತಾರಸಿಯ ಮೇಲಿತ್ತು. ಅಲ್ಲಿ ಏಳೆಂಟು ಹುಡುಗರು, ಪಕ್ಕದಲ್ಲೇ ಜಲ್ಲಿಯ ರಾಶಿ.

“ಮುಂದೆ ನಡೆಯೋರು ಯಾರೂ ಬಂದಿಲ್ವಲ್ಲೋ,” ಎಂದ ತೀರಿಕೊಂಡ ವೆಂಕಟಸ್ವಾಮಿಯ ತಮ್ಮ ಮುನಿಯಣ್ಣ, ಅಣ್ಣನ ಮಗನಿಗೆ. “ನಿಮ್ಮಪ್ಪ ಇದ್ದಿದ್ರೆ ರೈಟ್ ರೈಟ್ ಅಂತ ಹೊರಡ್ಸಿರೋನು.”

ವೆಂಕಟಸ್ವಾಮಿ ನಿವೃತ್ತ ಬಸ್ ಕಂಡಕ್ಟರ್. ಯಾರೂ ನಗಲಿಲ್ಲ.

ವೆಂಕಟಸ್ವಾಮಿಯ ಹೆಂಡತಿ ಪಾರ್ವತಮ್ಮ ಮಗನ ತೋಳು ಹಿಡಿದಳು. “ಭೀಮೇಶ, ಆಂಬುಲೆನ್ಸ್ ಕರ್ಸೋ. ರಿಂಗ್ ರೋಡಲ್ಲಿ ಹೋಗೋಣ. ಒಂದು ಹೆಣ ಸಾಕು ನಂಗೆ.”

“ಇವತ್ತು ಸುತ್ಕೊಂಡು ಹೋದ್ರೆ ನಮ್ ಕಾಲೊನಿಯೋರೆಲ್ಲಾ ಇನ್ಮೇಲೆ ಸುತ್ಕೊಂಡೇ ಹೋಗ್ಬೇಕಮ್ಮ. ಅಪ್ಪ ಅದಕ್ಕಾ ಅಷ್ಟು ಓಡಾಡಿದ್ದು?”

ಹಿಂದಿನ ವಾರ ಬಸ್ ಸ್ಟಾಪಿನಲ್ಲಿ ಕಾಲೊನಿಯವರು ಕಟ್ಟಿದ್ದ ಬುದ್ಧಪೂರ್ಣಿಮೆಯ ಫ್ಲೆಕ್ಸನ್ನು ಯಾರೋ ಹರಿದಿದ್ದರು. ಅಂದಿನಿಂದ ಊರಬೀದಿಗೂ ಕಾಲೊನಿಗೂ ಮಾತು ನಿಂತಿತ್ತು.

* * *

ಬನಶಂಕರಿ ಬಡಾವಣೆ ಸುತ್ತುವರಿದ ಹಳೆಯ ಊರು ಅದು. ಊರಬೀದಿಯ ಆಚೆ ಕಾಲೊನಿಯವರ ಸ್ಮಶಾನ. ಕಾಲೊನಿಯ ಆಚೆ ಬೀದಿಯವರದು. ಹಿಂದೊಮ್ಮೆ ಕಾಲೊನಿಯ ಶವಯಾತ್ರೆಯ ಮೇಲೆ ತಾರಸಿಗಳಿಂದ ಕಲ್ಲು ಬಿತ್ತು. ಹೊತ್ತವರು ಚಟ್ಟ ಬಿಟ್ಟು ಓಡಿದರು. ಒಬ್ಬನ ಕಣ್ಣು ಹೋಯಿತು. ಮರುದಿನ ಬೀದಿಯ ಎರಡು ಅಂಗಡಿಗಳು ಉರಿದವು.

ಆಮೇಲೆ ವೆಂಕಟಸ್ವಾಮಿ ಒಬ್ಬನೇ ಹೋಗಿ ಬೀದಿಯ ಹಿರಿಯ ಗಂಗಾಧರಯ್ಯನವರ ಜಗಲಿಯಲ್ಲಿ ಕೂತ.

“ನಮ್ಮ ಹೆಣದ ಮುಂದೆ ನಿಮ್ಮೋರೊಬ್ರು ನಡೀಲಿ. ನಿಮ್ಮದು ಕಾಲೊನಿ ದಾಟೋವಾಗ ನಾನು ನಡೀತೀನಿ.”

“ನಡೆದ್ರೆ?”

“ಕಲ್ಲು ಎಸೆಯೋನಿಗೆ ಮೊದ್ಲು ತನ್ನೋರೇ ಸಿಗ್ತಾರಲ್ಲ, ಯಜಮಾನ್ರೇ.”

ಗಂಗಾಧರಯ್ಯ ಕಾಫಿ ತರಿಸಿದರು.

ಕಳೆದ ವರ್ಷ ಅವರೇ ತೀರಿಕೊಂಡಾಗ ಚಟ್ಟದ ಮುಂದೆ ನಡೆದು ಕಾಲೊನಿ ದಾಟಿಸಿದ್ದು ವೆಂಕಟಸ್ವಾಮಿ.

* * *

ಚಟ್ಟ ಇನ್ನೂ ಮೂಲೆಯಲ್ಲೇ ನಿಂತಿರುವಾಗ ಗಂಗಾಧರಯ್ಯನವರ ಮನೆಯ ಬಾಗಿಲು ತೆರೆಯಿತು. ಅವರ ಹೆಂಡತಿ ಗೌರಮ್ಮ ಗೋಡೆ ಹಿಡಿದು ಮೆಟ್ಟಿಲಿಳಿದರು. ಆ ಬೀದಿಯ ಹೆಂಗಸರು ಹೆಣದ ಜೊತೆ ಹೋಗುವ ಪದ್ಧತಿಯಿಲ್ಲ.

“ನನ್ ಮಗ ಫೋನ್ ಆಫ್ ಮಾಡ್ಕೊಂಡು ಒಳಗೆ ಮಲಗವ್ನೆ ಕಣಮ್ಮ,” ಎಂದರು ಪಾರ್ವತಮ್ಮನಿಗೆ. ಆಮೇಲೆ ತಾರಸಿಯತ್ತ ತಲೆಯೆತ್ತಿ, “ಲಿಖಿತ್! ಇಳಿದು ಬಾರೋ. ಬರಲ್ವಾ? ಹಂಗಾದ್ರೆ ಗುರಿ ನೋಡ್ಕೊಂಡು ಎಸಿ. ಮುಂದೆ ನಿಮ್ಮಜ್ಜಿ ಇರ್ತಾಳೆ.”

ಮೊಮ್ಮಗ ಇಳಿಯಲಿಲ್ಲ.

ಚಟ್ಟದ ಮುಂದೆ ನಡೆಯತೊಡಗಿದ ಗೌರಮ್ಮನ ಮಂಡಿ ಮಡಿಸಲು ಬರುತ್ತಿರಲಿಲ್ಲ. ವಾಲಿ, ನಿಂತು, ಉಸಿರು ತೆಗೆದುಕೊಂಡು ಮತ್ತೊಂದು ಹೆಜ್ಜೆ. ಅವರು ನಿಂತಾಗಲೆಲ್ಲ ಹಿಂದೆ ಚಟ್ಟವೂ ತಾರಸಿಯ ನೆರಳಲ್ಲೇ ನಿಲ್ಲಬೇಕಾಗಿತ್ತು. ಹೊತ್ತವರ ಬೆವರು ಕಣ್ಣಿಗಿಳಿಯುತ್ತಿತ್ತು. ಒರೆಸಿಕೊಳ್ಳಲು ತಾರಸಿಯ ಹುಡುಗರ ಕಣ್ಣೆದುರು ಕೈಯೆತ್ತುವ ಧೈರ್ಯ ಒಬ್ಬರಿಗೂ ಬರಲಿಲ್ಲ.