ನಲವತ್ತೆರಡನೆಯವಳು

"ಕಣ್ಣಂತೂ ದೇವರು ಕಿತ್ಕೊಂಡ. ತಲೆಯನ್ನಾದ್ರೂ ಬಿಟ್ಟಿದ್ದಾನಾ ಇಲ್ವಾ? ಒಂದು ಪಾಠ ಮುಗಿಸೋಕೆ ಮೂರು ವಾರ ಬೇಕೇನೇ, ದರಿದ್ರದೋಳೆ!"

ಸೆಕ್ಷನ್ನಿನ ಮ್ಯಾನೇಜರ್ ಅವಳ ಮೇಜಿಗೆ ಕೈಯೂರಿಕೊಂಡು, ಉಳಿದ ನಲವತ್ತೊಂದು ಜನಕ್ಕೂ ಕೇಳುವ ಹಾಗೆ ಬೈಯುತ್ತಿದ್ದ. ಹಲೋ ಅಕ್ಕ ಒಂದು ಕಿವಿಯ ಇಯರ್‌ಫೋನ್ ತೆಗೆದಳು. ಹನ್ನೊಂದು ವರ್ಷದಿಂದ ಕಂಪನಿಯ ದೂರಿನ ಫೋನ್ ಎತ್ತಿ ಹಲೋ ಎಂದದ್ದಕ್ಕೆ ಬಿದ್ದ ಹೆಸರು ಅದು. ಖಾಯಂ ನೌಕರರಿಗೆ ಮರ್ಯಾದೆ, ಗುತ್ತಿಗೆಯವರಿಗೆ ಬೈಗುಳ ಎನ್ನುವುದು ಅಲ್ಲಿನ ಪದ್ಧತಿ. ಇವಳು ಗುತ್ತಿಗೆಯವಳು, ಮೇಲಾಗಿ ಕುರುಡಿ. ಮ್ಯಾನೇಜರನ ನಾಲಿಗೆಗೆ ಇನ್ನೇನು ಅಡ್ಡಿ?

"ಸಾರ್, ಕೊನೇ ಪುಟಾನ ಕಂಪ್ಯೂಟರ್ ನನಗೆ ಓದಿ ಹೇಳ್ತಾ ಇಲ್ಲ. ನೀವೇ ಕೇಳಿ."

ಪರದೆಯ ಮೇಲಿರುವುದನ್ನು ಅವಳ ಕಂಪ್ಯೂಟರ್ ಓದಿ ಹೇಳುತ್ತದೆ. ಅದನ್ನು ಕೇಳಿಕೊಂಡೇ ಅವಳು ದಿನಕ್ಕೆ ನೂರು ದೂರು ದಾಖಲಿಸುತ್ತಿದ್ದಳು. ಈಗ ಇಯರ್‌ಫೋನಿನ ತಂತಿ ಕಿತ್ತು ಕೀಲಿ ಒತ್ತಿದಳು. ಕಂಪ್ಯೂಟರ್ ಒದರಿತು: "ಚಿತ್ರ. ಚಿತ್ರ. ಚಿತ್ರ. ಬಟನ್. ಬಟನ್."

"ಯಾವ ಚಿತ್ರ, ಯಾವ ಬಟನ್ನು ಅಂತ ಒಳಗೆ ಬರೆದೇ ಇಲ್ಲ ಸಾರ್. ಚಿತ್ರಾನ ಮೌಸಲ್ಲಿ ಎಳೆದು ಅದರ ಜಾಗದಲ್ಲಿ ಇಡಬೇಕಂತೆ. ನಾನು ಯಾವುದನ್ನ ಎಲ್ಲಿಗೆ ಅಂತ ಎಳೀಲಿ?"

ಪಾಠದ ಹೆಸರು 'ಎಲ್ಲರಿಗೂ ತೆರೆದ ಪರದೆ'. ಕಣ್ಣು ಕಾಣದವರು, ಕಿವಿ ಕೇಳದವರು, ಕೈ ಆಡದವರು ಕಂಪ್ಯೂಟರ್ ಬಳಸುವುದು ಹೇಗೆ ಎಂದು ಕಂಪನಿಯ ಹನ್ನೆರಡು ಸಾವಿರ ಜನರಲ್ಲಿ ಅರಿವು ಮೂಡಿಸುವ ಪಾಠ. ತಯಾರಿಸಿದ ಪುಣ್ಯಾತ್ಮರು ಅದನ್ನು ಒಬ್ಬ ಕುರುಡನ ಮುಂದಾದರೂ ಇಟ್ಟು ನೋಡಿರಲಿಲ್ಲ. ಹಲೋ ಅಕ್ಕ ನಾಲ್ಕು ಸಲ ದೂರು ಬರೆದಿದ್ದಳು. ನಾಲ್ಕು ಸಲವೂ ಒಂದೇ ಉತ್ತರ ಬಂದಿತ್ತು: 'ಹೆಚ್ಚಿನ ವಿವರಕ್ಕೆ ಕೆಳಗಿನ ಚಿತ್ರ ನೋಡಿ.'

ಶುಕ್ರವಾರದೊಳಗೆ ಪಾಠ ಮುಗಿಸದವರ ಗೇಟ್ ಕಾರ್ಡ್ ಬಂದ್. ಖಾಯಂನವರ ಕಾರ್ಡ್ ಒಂದು ಅರ್ಜಿ ಬರೆದರೆ ಮತ್ತೆ ಜೀವ ಪಡೆಯುತ್ತದೆ, ಗುತ್ತಿಗೆಯವರು ಸೀದಾ ಮನೆಗೆ. ಅವಳ ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ, ಹೈಸ್ಕೂಲಿಗೆ ಹೋಗುವ ಮಗಳು. ದುಡಿಯುವ ಕೈ ಇವಳದೊಂದೇ.

"ನಿನ್ನ ಪುರಾಣ ಯಾರಿಗೆ ಬೇಕು? ಪಾಸ್‌ವರ್ಡ್ ಹೇಳು," ಎಂದ ಮ್ಯಾನೇಜರ್. "ಪಾಠ ಮುಗಿಸಿದೋರ ಲೆಕ್ಕದ ಬೋರ್ಡು ನಿನ್ನೊಬ್ಬಳಿಂದ ನೂರಕ್ಕೆ ತೊಂಬತ್ತೆಂಟರಲ್ಲೇ ನಿಂತಿದೆ."

ಉಳಿದ ಗುತ್ತಿಗೆಯವರೆಲ್ಲರ ಪಾಸ್‌ವರ್ಡೂ ಆಗಲೇ ಅವನ ಡೈರಿಯಲ್ಲಿತ್ತು. ಅವಳೂ ಹೇಳಿಬಿಟ್ಟಳು.

ಮಾರನೆಯ ದಿನ ಸೆಕ್ಷನ್ನಿಗೆಲ್ಲ ಸಿಹಿ ಹಂಚಿದರು. ಬೋರ್ಡಿನಲ್ಲಿ ನೂರಕ್ಕೆ ನೂರು, ಎಲ್ಲ ಹಸಿರು.

"ತಗೋ, ಬಾಯಿ ಸಿಹಿ ಮಾಡ್ಕೋ," ಎಂದು ಮ್ಯಾನೇಜರ್ ಅವಳ ಅಂಗೈಗೆ ಒಂದು ತುಂಡು ಹಾಕಿದ. "ಕುರುಡರೂ ಮುಗಿಸಿದ್ದಾರೆ ಅಂತ ಎಲ್ಲಾ ಶಾಖೆಗೂ ಸುತ್ತೋಲೆ ಹೋಗಿದೆ. ಶುಕ್ರವಾರ ನಿನ್ನ ಸ್ಟೇಜಿಗೆ ಹತ್ತಿಸ್ತಾರೆ. ಒಳ್ಳೇ ಸೀರೆ ಉಟ್ಕೊಂಡು ಬಾ."

ನಿಜ ಹೇಳಬೇಕೆಂದರೆ ಅವಳಿಗೆ ಹಾಯೆನಿಸಿತು. ಯಾರು ಮುಗಿಸಿದರೇನು, ಕಾರ್ಡ್ ಉಳಿಯಿತಲ್ಲ. ಸಿಹಿಯನ್ನು ನಿಧಾನವಾಗಿ ಚಪ್ಪರಿಸಿ ತಿಂದಳು.

ಗುರುವಾರ ಮಧ್ಯಾಹ್ನ ದೂರಿನ ಫೋನಿನಲ್ಲಿ ಒಂದು ಎಳೆಯ ದನಿ.

"ಹಲೋ ಅಕ್ಕಾನಾ? ನಾನು ಬಂದರಿನ ಶಾಖೆಯೋಳು. ನಂಗೂ ಕಣ್ಣು ಕಾಣಲ್ಲ ಅಕ್ಕಾ. ಆ ಕೊನೇ ಪುಟ ನೀವು ಹೇಗೆ ಮುಗಿಸಿದ್ರಿ? ನಂಗೂ ಹೇಳ್ಕೊಡಿ."

ಹಲೋ ಅಕ್ಕ ರೂಢಿಯಂತೆ ಮೊದಲು ಆ ಹುಡುಗಿಯ ಮೊಬೈಲ್ ನಂಬರ್ ಕೇಳಿ ದಾಖಲಿಸಿಕೊಂಡಳು.

"ಅಲ್ಲಿರೋ ಕುರುಡಿ ಮುಗಿಸಿದಾಳೆ, ನಿನಗೇನೇ ರೋಗ, ಸೋಮಾರಿ ಮುಂಡೇದೆ ಅಂತಾರೆ. ನಾಳೆ ನನ್ನ ಕಾರ್ಡ್ ಹೋಗುತ್ತೆ. ಕೈ ಮುಗೀತೀನಿ ಅಕ್ಕಾ..."

"ಆಮೇಲೆ ಮಾಡ್ತೀನಿ ತಂಗಿ," ಎಂದು ಫೋನ್ ಇಟ್ಟುಬಿಟ್ಟಳು. ಹನ್ನೊಂದು ವರ್ಷದಲ್ಲಿ ದೂರೊಂದನ್ನು ಅರ್ಧಕ್ಕೆ ಬಿಟ್ಟದ್ದು ಅದೇ ಮೊದಲು. ತಾನು ಒಂದು ಪಾಸ್‌ವರ್ಡ್ ಕೊಟ್ಟು ಆ ಹುಡುಗಿಯ ಬೆನ್ನಿಗೆ ಬಾರುಕೋಲು ಮಾಡಿಕೊಟ್ಟಿದ್ದಳು.

ಶುಕ್ರವಾರ ಸಭಾಂಗಣ ತುಂಬಿತ್ತು. ಮ್ಯಾನೇಜರ್ ಅವಳ ಮೊಣಕೈ ಹಿಡಿದು ಮೂಟೆ ಸಾಗಿಸುವ ಹಾಗೆ ವೇದಿಕೆ ಹತ್ತಿಸಿದ. ಕಂಪನಿಯ ದೊಡ್ಡ ಸಾಹೇಬರು ಮೈಕಿನಲ್ಲಿ, "ಇವರು ನಮ್ಮೆಲ್ಲರ ಕಣ್ಣು ತೆರೆಸಿದ್ದಾರೆ" ಎಂದರು. ಚಪ್ಪಾಳೆ ಬಿತ್ತು.

"ಥ್ಯಾಂಕ್ಸ್ ಅಂತ ಹೇಳಿ ಇಳೀರಿ, ಅಷ್ಟು ಸಾಕು," ಎಂದು ಮ್ಯಾನೇಜರ್ ಪಿಸುಗುಟ್ಟಿದ. ವೇದಿಕೆಯ ಮೇಲೆ ಅವನ ಬಾಯಲ್ಲೂ ಮರ್ಯಾದೆ ಬಂದಿತ್ತು.

"ಭಾಷಣ ನಂಗೆ ಬರಲ್ಲ ಸಾಹೇಬ್ರೆ," ಎಂದಳು ಹಲೋ ಅಕ್ಕ. "ಆ ಪಾಠಾನೇ ಇಲ್ಲಿ ತೆಗೀರಿ. ಹೇಗೆ ಮುಗಿಸ್ದೆ ಅಂತ ಎಲ್ಲರೂ ನೋಡ್ಲಿ."

ದೊಡ್ಡ ಸಾಹೇಬರು ಖುಷಿಯಾಗಿ ಅವಳ ಕಂಪ್ಯೂಟರನ್ನೇ ತರಿಸಿ, ಸಭಾಂಗಣದ ಸ್ಪೀಕರಿಗೆ ಜೋಡಿಸಲು ಹೇಳಿದರು. ಅವಳ ಮೊಣಕೈ ಹಿಡಿದಿದ್ದ ಕೈ ಬೆವರತೊಡಗಿತು.

"ಚಿತ್ರ. ಚಿತ್ರ. ಚಿತ್ರ. ಬಟನ್. ಬಟನ್."

ಜನ ನಕ್ಕರು. ಅವಳು ಮತ್ತೆ ಒತ್ತಿದಳು. ಎರಡನೆಯ ಸಲ ನಗು ಕಡಿಮೆಯಾಯಿತು. ಐದನೆಯ ಸಲಕ್ಕೆ ಯಾರೂ ನಗಲಿಲ್ಲ.

"ಏನಾಯ್ತು ಇದಕ್ಕೆ? ಕೆಟ್ಟಿದೆಯಾ?" ಎಂದರು ಸಾಹೇಬರು.

"ಕೆಟ್ಟಿಲ್ಲ. ಇದೇ ನಿಮ್ಮ ಪಾಠ. ಇದನ್ನ ನಾನು ಮುಗಿಸಿಲ್ಲ. ನನ್ನ ಪಾಸ್‌ವರ್ಡ್ ಇಸ್ಕೊಂಡು ಈ ಮ್ಯಾನೇಜರ್ ಸಾಹೇಬ್ರು ಮುಗಿಸಿದ್ರು. ಕೊಟ್ಟೋಳು ನಾನೇ, ತಪ್ಪು ನಂದೂ ಇದೆ. ನನ್ನ ಹೆಸರಿನ ಮುಂದಿರೋ ಹಸಿರು ಅಳಿಸಿ."

"ಮೈಕ್ ಆಫ್ ಮಾಡ್ರೋ ಬೋಳಿಮಕ್ಳಾ!" ಮ್ಯಾನೇಜರ್ ಕೂಗಿದ. ಮೈಕ್ ಸತ್ತಿತು. ಕಂಪ್ಯೂಟರಿನ ತಂತಿ ಕೀಳುವುದು ಯಾರಿಗೂ ಹೊಳೆಯಲಿಲ್ಲ. ಅದು ಒದರುತ್ತಲೇ ಇತ್ತು, ಅವಳು ಒತ್ತುತ್ತಲೇ ಇದ್ದಳು.

ಸೋಮವಾರ ಬೆಳಿಗ್ಗೆ ಗೇಟಿನ ಯಂತ್ರಕ್ಕೆ ಕಾರ್ಡ್ ತಾಗಿಸಿದಳು. ಬಾಗಿಲು ತೆರೆಯುವ ಸದ್ದಿನ ಬದಲು ಯಂತ್ರ ಎರಡು ಸಲ ಕರ್ಕಶವಾಗಿ ಕಿರುಚಿತು.

"ಸರ್ಕೊಳ್ಳಮ್ಮ, ಹಿಂದೆ ಜನ ಇದ್ದಾರೆ," ಎಂದ ಗೇಟಿನವನು.

ಅವಳು ಸರಿಯಲಿಲ್ಲ. ನಿಂತಲ್ಲೇ ಮೊಬೈಲ್ ತೆಗೆದು, ಗುರುವಾರದಿಂದ ನೆನಪಿನಲ್ಲೇ ಉಳಿದಿದ್ದ ನಂಬರ್ ಒತ್ತಿ ಬಂದರಿನ ಶಾಖೆಯ ಹುಡುಗಿಗೆ ಫೋನ್ ಮಾಡಿದಳು.

"ಹಲೋ ತಂಗಿ. ಹೇಗೆ ಮುಗಿಸಿದ್ರಿ ಅಂತ ಕೇಳಿದ್ಯಲ್ಲಾ, ನಾನೂ ಮುಗಿಸಿಲ್ಲ ಕಣೇ. ಸುಳ್ಳು ಅದು. ಎಲ್ಲಿದ್ದೀ ಈಗ?"

"ಗೇಟಿನ ಹೊರಗೆ ಅಕ್ಕಾ. ಹೋಗು ಅಂತಿದ್ದಾರೆ."

"ಹೋಗ್ಬೇಡ. ಯಂತ್ರದ ಮುಂದೇನೇ ನಿಂತ್ಕೋ. ಕಾರ್ಡ್ ಒತ್ತುತ್ತಾನೇ ಇರು, ಎಲ್ಲರಿಗೂ ಕೇಳ್ಲಿ."

ಹಿಂದೆ ಸಾಲು ಬೆಳೆದು ರಸ್ತೆಗೆ ಮುಟ್ಟಿತ್ತು. ಯಾರೋ ಬೈಯುತ್ತಿದ್ದರು, ಯಾರೋ ಏನಾಗಿದೆ ಎಂದು ಕೇಳುತ್ತಿದ್ದರು. ಹಲೋ ಅಕ್ಕ ತನ್ನ ಕಾರ್ಡನ್ನು ಇನ್ನೊಮ್ಮೆ ಒತ್ತಿದಳು.