ಮೊದಲು ದೊಡ್ಡಮ್ಮ ಮಲಗಲಿ

ಹುಡುಗಿ ಮಂಚ ಹತ್ತಲಿಲ್ಲ. ಐದು ವರ್ಷದವಳು, ಹುಟ್ಟಿದಾಗಿನಿಂದ ಹೃದಯದ ಮೇಲಿನ ಎರಡು ಕೋಣೆಗಳ ನಡುಗೋಡೆಯಲ್ಲಿ ತೂತು. ವರ್ಷಕ್ಕೊಮ್ಮೆ ಎಕೋ ಪರೀಕ್ಷೆಗೆ ಬರುತ್ತಿದ್ದಳು. ಸ್ಕ್ಯಾನ್ ಮಾಡುವಾಕೆ ಜೆಲ್ಲನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ತೋರಿಸಿದಳು, ಪುಸಲಾಯಿಸಿದಳು. ಜಪ್ಪಯ್ಯ ಅಂದರೂ ಹುಡುಗಿ ಜಗ್ಗಲಿಲ್ಲ.

"ಮೊದಲು ದೊಡ್ಡಮ್ಮ ಮಲಗಲಿ."

ದೊಡ್ಡಮ್ಮ ಅಂದರೆ ತಾಯಿಯ ಅಕ್ಕ, ನಲವತ್ತು ದಾಟಿದವಳು. ಮಹಡಿ ಹತ್ತಿ ಬಂದು ಕುರ್ಚಿಯಲ್ಲಿ ಇನ್ನೂ ಏದುಸಿರು ಬಿಡುತ್ತಿದ್ದಳು. ಮನೆಯಲ್ಲಿ ಅವಳಿಗೆ ಸೋಮಾರಿ ಎಂಬ ಹೆಸರು ಅಂಟಿ ಎಷ್ಟೋ ಕಾಲವಾಗಿತ್ತು.

"ಮಲ್ಕೊಳ್ಳೇ ಅಕ್ಕ, ಮಲಗೋದು ಅಂದ್ರೆ ನಿಂಗೆ ಪಂಚಪ್ರಾಣ ತಾನೆ?" ಎಂದು ತಂಗಿ, ಅಂದರೆ ಹುಡುಗಿಯ ತಾಯಿ, ನಕ್ಕಳು.

ದೊಡ್ಡಮ್ಮ ಮಂಚ ಹತ್ತಿ ಮಲಗಿದಳು. ಪರದೆ ಎಳೆದು, ಸ್ಕ್ಯಾನ್ ಮಾಡುವಾಕೆ ತಮಾಷೆಗೆಂದೇ ಯಂತ್ರದ ಹಿಡಿಯಾದ ಪ್ರೋಬನ್ನು ಅವಳ ಎದೆಗಿಟ್ಟಳು. "ಈ ಟಿವೀಲಿ ನೋಡು ಕಂದಾ, ನಮ್ಮ ಕಡೆ ಬರೋ ರಕ್ತ ಕೆಂಪು, ಆ ಕಡೆ ಹೋಗೋದು ನೀಲಿ..." ಎನ್ನುತ್ತಿದ್ದವಳು ಮಾತು ನಿಲ್ಲಿಸಿದಳು. ಹೃದಯದ ಬಲಭಾಗ ಹಿಗ್ಗಿತ್ತು. ನಡುಗೋಡೆಯನ್ನು ದಾಟಿ ಎಡದಿಂದ ಬಲಕ್ಕೆ ಕೆಂಪು ಹರಿವು ನುಗ್ಗುತ್ತಿತ್ತು. ಪ್ರೋಬ್ ಓರೆ ಮಾಡಿ ನೋಡಿದಳು. ಆ ಹರಿವು ಅಲ್ಲೇ ಇತ್ತು.

"ದೊಡ್ಡಮ್ಮಂಗೂ ನನ್ನ ತೂತು ಇದ್ಯಾ?" ಎಂದಳು ಹುಡುಗಿ.

ರೋಗ ಹೆಸರಿಸುವುದು ಸ್ಕ್ಯಾನ್ ಮಾಡುವವರ ಕೆಲಸವಲ್ಲ. "ಡಾಕ್ಟ್ರು ಒಂದ್ಸಲ ನೋಡ್ಲಿ," ಎಂದಷ್ಟೇ ಹೇಳಿ ಸ್ಕ್ಯಾನ್ ಮಾಡುವಾಕೆ ಫೋನೆತ್ತಿದಳು.

ಡಾಕ್ಟರು ಬಂದು ಯಂತ್ರದ ತೆರೆಯನ್ನು ದಿಟ್ಟಿಸಿದರು. "ಮೆಟ್ಟಿಲು ಹತ್ತುವಾಗ ಸುಸ್ತಾಗತ್ತಾ ಅಮ್ಮ?"

"ಎಲ್ಲರಿಗೂ ಆಗಲ್ವಾ?" ಎಂದಳು ದೊಡ್ಡಮ್ಮ, ನಿಜವಾಗಿಯೂ ಗೊತ್ತಿಲ್ಲದವಳಂತೆ.

ತಂಗಿ ಬಟ್ಟೆ ತೆಗೆದುಕೊಂಡು ಅಕ್ಕನ ಎದೆಯ ಜೆಲ್ಲನ್ನು ತಾನೇ ಒರೆಸತೊಡಗಿದಳು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದಳು.

ಆಮೇಲೆ ಹುಡುಗಿ ತಾನಾಗಿಯೇ ಮಂಚ ಹತ್ತಿದಳು. ಅವಳ ತೂತು ಕಿರಿದಾಗುತ್ತಿತ್ತು. ಕಾದು ನೋಡಿದರೆ ಸಾಕಿತ್ತು. ದೊಡ್ಡಮ್ಮನದು ಕಾಯುವಂಥದ್ದಲ್ಲ. ಎದೆ ಕೊಯ್ಯದೆ, ತೊಡೆಯ ರಕ್ತನಾಳದ ದಾರಿಯಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳುವ ಪುಟ್ಟ ಮುಚ್ಚಳವೊಂದನ್ನು ಕಳಿಸಿ ತೂತು ಮುಚ್ಚಿದರು. ಮಾರನೆಯ ದಿನ ಅವಳನ್ನು ಅದೇ ಕೋಣೆಗೆ ಕರೆತಂದು ಸ್ಕ್ಯಾನ್ ಮಾಡಿದಾಗ ಹೃದಯದ ನಡುಗೋಡೆಯಾಚೆಗೆ ಬಣ್ಣ ಹಾಯಲಿಲ್ಲ.

"ಎಲ್ಲಾ ಸರಿ ಇದ್ಯಾಮ್ಮ?" ಎಂದು ದೊಡ್ಡಮ್ಮ ಕೇಳಿದಳು.

"ಡಾಕ್ಟ್ರು ಹೇಳ್ತಾರೆ," ಎಂದಳು ಸ್ಕ್ಯಾನ್ ಮಾಡುವಾಕೆ. ಆದರೆ ಮುಖದ ನಗುವನ್ನು ತಡೆಯಲಾಗಲಿಲ್ಲ. ಪ್ರೋಬ್ ಒರೆಸಿಟ್ಟಳು. ಬಾಗಿಲಾಚೆ ಸರದಿಗೆ ಕಾಯುತ್ತಿದ್ದ ಯಾರದೋ ಕೂಸು ಗಂಟಲು ಹರಿಯುವಂತೆ ಅಳುತ್ತಿತ್ತು.