ಮುಂದೆ ನಿಂತವಳು

"ಕಬ್ಬಿನ ಗದ್ದೆ ಒಳಗೆ ನಿಂತಿವ್ನಿ ಕಣ್ಲಾ. ಬಾಣ ಎಂಗ್ ತಾಗ್ತದೆ?" ಎಂದು ಅಪ್ಪು ಮೇಜಿನ ಮೇಲೆ ಬಾಗಿದ.

"ತಾಗ್ತದೆ ಭಾವ. ಕಬ್ಬು ಮರೆ ಅಷ್ಟೇಯ, ತಡೆ ಅಲ್ಲ," ಎಂದ ಶಶಿ. "ನೀವು ಕಾಣಾಕಿಲ್ಲ, ದಿಟ. ಗುರಿ ವಸಿ ತಪ್ತದೆ. ಆದ್ರೆ ಸೋಗೆ ತೂರ್ಕಂಡು ಬಾಣ ಬಂದೇ ಬತ್ತದೆ. ತಡೆ ಬೇಕಂದ್ರೆ ಆ ಕಲ್ಲುಗೋಡೆ ಹಿಂದಕ್ಕೋಗಿ."

"ಗೋಡೆತಾವ ನಾನು ಕುಂತಿವ್ನಿ. ಜಾಗ ಇಲ್ಲ, ಮುಂದಕ್ಕೋಗಪ್ಪ," ಎಂದು ಚಲುವರಾಜು ಕಳ್ಳೆಕಾಯಿ ಸಿಪ್ಪೆ ಊದಿದ.

ಪಾಂಡವಪುರದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಶಶಿಯ ಫ್ಲೆಕ್ಸ್ ಅಂಗಡಿ. ಭಾನುವಾರ ಮಧ್ಯಾಹ್ನ ಶಟರು ಅರ್ಧ ಎಳೆದು, ಅಟ್ಟದ ಮೇಲೆ ಈ ಆಟ. ಮೈಸೂರಿನ ಹಾಸ್ಟೆಲಿನಲ್ಲಿ ಕಲಿತು ಬಂದವನು ಅದನ್ನು ಊರಿನ ಮಣ್ಣಿಗೆ ಇಳಿಸಿಬಿಟ್ಟಿದ್ದ. ಯಾರದೋ ಹುಟ್ಟುಹಬ್ಬದ ಫ್ಲೆಕ್ಸನ್ನು ಮಗುಚಿ ಹಾಸಿ, ಬೆನ್ನಿನ ಬಿಳಿಯ ಮೇಲೆ ಚೌಕ ಎಳೆದಿದ್ದ. ಒಂದು ಆಲೆಮನೆ, ಅದರ ಸುತ್ತ ಕಬ್ಬು, ಆಚೆ ಕೋಟೆಬಾಗಿಲು. ಸೋಡಾ ಬಾಟಲಿ ಮುಚ್ಚಳಗಳು ಇವರು, ಹುಣಸೆಬೀಜಗಳು ವೈರಿಗಳು. ಒಬ್ಬೊಬ್ಬರಿಗೆ ಒಬ್ಬೊಬ್ಬ ವೀರ. ವೈರಿಗಳ ಪರವಾಗಿ ಆಡುವವನೂ ಶಶಿಯೇ, ತೀರ್ಪು ಹೇಳುವವನೂ ಶಶಿಯೇ. ಉಳಿದದ್ದು ಇಪ್ಪತ್ತು ಮುಖದ ದಾಳದ ಪಾಡು.

ಅಪ್ಪುವಿನ ಹೆಂಡತಿ, ಶಶಿಯ ಅಕ್ಕ ಸುಮಳ ಕೆಂಪು ಮುಚ್ಚಳದ ಹೆಸರು ಮಾದೇವಿ. ಗಾಯಕ್ಕೆ ಸೊಪ್ಪು ಅರೆದು ಕಟ್ಟುವವಳು. ಬೇರೆ ಭಾನುವಾರಗಳಲ್ಲಿ ತಮ್ಮನನ್ನು ಗೋಳು ಹೊಯ್ದುಕೊಳ್ಳುತ್ತಿದ್ದ ಸುಮ ಈವತ್ತು ತನ್ನ ಸರದಿ ಬಂದರೂ ಎಚ್ಚರವಿಲ್ಲದೆ ಕೂತಿದ್ದಳು. ಬೆಳಗಾದರೆ ಠಾಣೆಗೆ ಹೋಗಬೇಕು. ಬೈಕು ಓಡಿಸುತ್ತಿದ್ದವಳು ನಾನೇ ಎಂದು ಹೇಳಬೇಕು.

ಕಿಕ್ಕೇರಿ ರಸ್ತೆಯಲ್ಲಿ ಡೈರಿಗೆ ಹಾಲು ಹಾಕಿ ಹೋಗುತ್ತಿದ್ದ ಜವರಯ್ಯ ಅನ್ನುವ ಮುದುಕನಿಗೆ ಅಪ್ಪು ಬೈಕಿನಲ್ಲಿ ಗುದ್ದಿದ್ದ. ಸೊಂಟದ ಮೂಳೆ ಮುರಿದು ಮುದುಕ ಆಸ್ಪತ್ರೆಯಲ್ಲಿದ್ದ. ಯಾರೋ ನಂಬರು ನೋಡಿಕೊಂಡಿದ್ದರು. ಬೈಕು ಇದ್ದದ್ದು ಸುಮಳ ಹೆಸರಿನಲ್ಲಿ. ಠಾಣೆಯಿಂದ ಫೋನು ಬಂದದ್ದು ಅವಳಿಗೆ. ಅದೇ ವಾರ ಅಪ್ಪುವಿಗೆ ಲೈನ್‌ಮನ್ ಕೆಲಸದ ಆರ್ಡರೂ ಬಂದಿತ್ತು.

"ನನ್ ಮ್ಯಾಲೆ ಕೇಸ್ ಬಿದ್ರೆ ಆರ್ಡ್ರು ಹೋದಂಗೇಯ," ಎಂದಿದ್ದ ಅಪ್ಪು. "ನೀನು ಅಂದ್ಬುಡು. ಹೆಂಗ್ಸು ಅಂದ್ರೆ ಕುರ್ಚಿ ಹಾಕಿ ಮಾತಾಡ್ತರೆ." ಅತ್ತೆ ಲಕ್ಷ್ಮಿದೇವಮ್ಮ ಮೊಮ್ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು, "ಮನೆಗೊಂದು ಗೌರ್ಮೆಂಟ್ ಕೆಲ್ಸ ಬರೋ ಹೊತ್ನಲ್ಲಿ ಅಷ್ಟು ಮಾಡಾಕಿಲ್ವೇನವ್ವ?" ಎಂದಿದ್ದರು. ಸುಮ ಓಡಿಸುವುದು ಸ್ಕೂಲ್ ವ್ಯಾನು. ಮುದುಕನಿಗೆ ಗುದ್ದಿ ಓಡಿದವಳ ಕೈಗೆ ಮಕ್ಕಳನ್ನು ಯಾರು ಕೊಡುತ್ತಾರೆ ಎಂಬುದನ್ನು ಆ ಮನೆಯಲ್ಲಿ ಯಾರೂ ಕೇಳಲಿಲ್ಲ.

ಆದರೂ ಹೂಂ ಅಂದಿದ್ದಳು. ಅಂದದ್ದು ಒಂದೇ ಕಾರಣಕ್ಕೆ. ಅಪ್ಪು ಬೈಕಿನಿಂದ ಇಳಿದಿದ್ದನಂತೆ, ಅವನೇ ಹೇಳಿದ್ದು. ಮುದುಕನನ್ನು ತಬ್ಬಿ ಎತ್ತಿ, ಮರದ ನೆರಳಿಗೆ ಒರಗಿಸಿ, ನೀರು ಕುಡಿಸಿದ್ದನಂತೆ. ಜನ ದೊಣ್ಣೆ ಹಿಡಿದು ಓಡಿ ಬಂದಮೇಲೆಯೇ ಗಾಡಿ ಹತ್ತಿದ್ದಂತೆ. ತಪ್ಪು ಮಾಡಿದ್ದಾನೆ, ಕರುಳಿಲ್ಲದವನಲ್ಲ ಎಂದು ಅವಳು ಮನಸ್ಸಿಗೆ ಹೇಳಿಕೊಂಡಿದ್ದಳು. ತವರಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಶಶಿಗೂ ಗೊತ್ತಿಲ್ಲ.

"ಸರಿ, ನಾನು ಸುಮನ್ ಹಿಂದಕ್ಕೆ ಓಯ್ತೀನಿ," ಎಂದು ಅಪ್ಪು ತನ್ನ ಹಸಿರು ಮುಚ್ಚಳವನ್ನು ಕೆಂಪು ಮುಚ್ಚಳದ ಬೆನ್ನಿಗೆ ತಳ್ಳಿದ. "ಮನ್ಷರೂ ತಡೆನೇ ತಾನೆ?"

"ಅರ್ಧ ತಡೆ," ಎಂದ ಶಶಿ.

"ಕಲ್ಲುಗೋಡೆಗಿಂತ ಹೆಂಡ್ತಿ ಗಟ್ಟಿ ಬುಡು," ಎಂದು ಚಲುವರಾಜು ನಕ್ಕ. ಅವನು ಬೂಸಾ ಅಂಗಡಿಯವನು. ಯಾವ ಜಗಳವನ್ನೂ ಮೈಗೆ ಹತ್ತಿಸಿಕೊಳ್ಳದವನು.

ಶಶಿ ದಾಳ ಬಿಟ್ಟ. ಅದು ಕೋಟೆಬಾಗಿಲ ಹತ್ತಿರ ಉರುಳಿ ನಿಂತಿತು. ಲೆಕ್ಕ ಹಾಕಿ, ಅವನು ತುಟಿ ಕಚ್ಚಿಕೊಂಡ. "ಭಾವಂಗೆ ಬೀಳ್ಬೇಕಿದ್ದ ಏಟು. ತಡೆ ಇದ್ದುದ್ಕೆ ತಪ್ತು."

"ತಪ್ತಲ್ಲ! ಮುಂದಿನ್ದು ನೋಡು."

"ಅಂಗಲ್ಲ. ತಡೆಯಿಂದ ತಪ್ಪಿದ ಬಾಣ ತಡೆಗೆ ಬೀಳ್ತದೆ. ನೀವೇ ಜಗಳ ಮಾಡಿ ತಂದ ರೂಲ್ಸು. ಚಲುವಣ್ಣ ನಿಮ್ ಹಿಂದೆ ಅವುತ್ಕಂಡಾಗ."

"ಆವತ್ತು ಕತ್ತೆ ತರ ಕೂಗಾಡಿದ್ದೆಲ್ಲಾ," ಎಂದ ಚಲುವರಾಜು, ಸಂತೋಷದಿಂದ.

ಅಪ್ಪು ಗೊಣಗಿದ. ಕೊನೆಗೆ ಎಲ್ಲರೂ ಸುಮಳ ಮುಖ ನೋಡಿದರು. "ತಾಗ್ಲಿ ಬುಡು," ಎಂದಳು. ಮಾದೇವಿಗೆ ಏಟು ತಾಳುವಷ್ಟು ಉಸಿರು ಉಳಿದಿರಲಿಲ್ಲ. ಶಶಿ ಕೆಂಪು ಮುಚ್ಚಳವನ್ನು ಮೆಲ್ಲಗೆ ಮಗುಚಿ ಹಾಕಿದ. "ಬಿದ್ದವ್ಳೆ. ಸತ್ತಿಲ್ಲ. ಯಾರಾರ ಪಕ್ಕ ಬಂದು ಎತ್ತುದ್ರೆ ಬದ್ಕತಳೆ. ಭಾವ, ನಿಮ್ ಸರದಿ."

ಅಪ್ಪು ಯೋಚಿಸಲೇ ಇಲ್ಲ. ಹಸಿರು ಮುಚ್ಚಳ ಕೆಂಪನ್ನು ಬಳಸಿಕೊಂಡು ಒಂದೊಂದೇ ಚೌಕ ದಾಟಿ ಕೋಟೆಬಾಗಿಲಿಗೆ ಹೋಯಿತು.

"ಲೇ, ಪಕ್ಕದಾಗೇ ಬಿದ್ದವ್ಳೆ, ಎತ್ಲಾ ಮೊದ್ಲು!" ಎಂದು ಚಲುವರಾಜು ಕೂಗಿದ.

"ನಿಂತ್ರೆ ಎಲ್ಲಾ ಸುತ್ಕಂಡು ಬಡುದಾಕ್ತರೆ. ಬಿದ್ದೋರ್ನ ಯಾರಾರ ನೋಡ್ಕತರೆ, ನಡಿ."

ಎಷ್ಟು ಸಲೀಸಾಗಿ ಅಂದ! ಬಾಯಲ್ಲಿ ಮೊದಲೇ ಆಡಿ ಆಡಿ ನುಣ್ಣಗಾಗಿದ್ದ ಮಾತಿನ ಹಾಗೆ. ಸುಮಳಿಗೆ ತಿಳಿಯದೆಯೇ ಮಾತು ಬಂತು.

"ಆ ಅಜ್ಜನ್ನ ಎತ್ತುದ್ರಾ ನೀವು?"

ಅಪ್ಪುವಿನ ಕೈ ದಾಳದ ಮೇಲೆ ನಿಂತಿತು. "ಆಟದ್ ಮದ್ಯ ಏನೇ ಅದು?"

"ಯಾವಜ್ಜ?" ಎಂದ ಚಲುವರಾಜು.

"ಎತ್ತುದ್ರಾ, ಇಲ್ವಾ?"

ಕೆಳಗೆ ಬೀದಿಯಲ್ಲಿ ಯಾವುದೋ ಬಸ್ಸು ನಾಗಮಂಗಲ, ನಾಗಮಂಗಲ ಎಂದು ಕೂಗಿಸಿಕೊಂಡು ಹೋಯಿತು. ಅಪ್ಪು ಹೆಂಡತಿಯ ಮುಖ ನೋಡಲಿಲ್ಲ. "ನಿಂತಿದ್ರೆ ಸಾಯ್ಸ್‌ಬುಡೋರು ಕಣೆ," ಎಂದ, ತಗ್ಗಿದ ದನಿಯಲ್ಲಿ.

"ಜನ ಬಂದಿದ್ರಾ?"

ಅವನು ದಾಳವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ಏನಕ್ಕ ಇದು?" ಎಂದು ಶಶಿ ಎದ್ದ. ಸುಮ ಹೇಳಿದಳು. ಹೆಚ್ಚೇನೂ ಇರಲಿಲ್ಲ ಹೇಳುವುದಕ್ಕೆ. ರಸ್ತೆ, ಬೈಕು, ಮುದುಕ, ಬೆಳಗಿನ ಠಾಣೆ. ಚಲುವರಾಜು ಕೈಲಿದ್ದ ಕಳ್ಳೆಕಾಯನ್ನು ಒಡೆಯದೆ ಜೇಬಿಗೆ ಹಾಕಿಕೊಂಡ.

"ಇಬ್ರಲ್ಲಿ ಒಬ್ರುದಾರ ಕೆಲ್ಸ ಉಳೀಬೇಕಲ್ಲೋ," ಎಂದ ಅಪ್ಪು ಭಾವಮೈದುನನ ಕಡೆ ತಿರುಗಿ. "ಮಗಿಗೆ ತಾನೆ ಎಲ್ಲಾ?"

ಶಶಿ ಏನೋ ಹೇಳಲು ಬಾಯಿ ತೆರೆದ. ಸುಮ ಕೈಯೆತ್ತಿ ತಡೆದಳು.

"ನಾಳೆ ಬತ್ತೀನಿ ಠಾಣೆಗೆ," ಎಂದಳು ಗಂಡನಿಗೆ. "ಗಾಡಿ ನಂದು ಅಂತೀನಿ. ಓಡುಸ್ತಿದ್ದೋರು ಯಾರು ಅಂದ್ರೆ ನಿಮ್ಮುಖ ನೋಡ್ತೀನಿ. ನೀವೇ ದಿಟ ಏಳಿ. ನೀವು ಏಳ್ದೆ ಇದ್ರೆ ನಾನು ಏಳ್ತೀನಿ."

"ಆರ್ಡ್ರು ಓಯ್ತದೆ ಸುಮ."

"ಓಯ್ತದೆ," ಎಂದಳು. ಆ ಕೆಲಸಕ್ಕಾಗಿ ಅವಳೂ ದೇವರಿಗೆ ಕೈ ಮುಗಿದವಳೇ.

ಏಣಿ ಇಳಿದು, ಶಟರಿನಡಿ ಬಗ್ಗಿ ಹೊರಗೆ ಬಂದಳು. ಬಿಸಿಲು ಇನ್ನೂ ಇಳಿದಿರಲಿಲ್ಲ. ಅಂಗಡಿ ಮುಂದೆ ನಿಲ್ಲಿಸಿದ್ದ ಸ್ಕೂಲ್ ವ್ಯಾನಿನ ಸೀಟು ಕಾದು ಕೆಂಡವಾಗಿತ್ತು. ಕೂತು ಚಾವಿ ಹಾಕಿದಳು, ತಿರುಗಿಸಲಿಲ್ಲ.

ತುಸು ಹೊತ್ತಿನ ಮೇಲೆ ಅಪ್ಪು ಬಂದ. ಎಡಗಡೆಗೆ ಬಳಸಿ ಬಂದು ಬಾಗಿಲ ಹಿಡಿಗೆ ಕೈ ಹಾಕಿದ. ಮಕ್ಕಳು ಎಳೆದೆಳೆದು ಕೆಟ್ಟ ಆ ಬಾಗಿಲು ಹೊರಗಿನಿಂದ ತೆಗೆಯಲು ಬರುವುದಿಲ್ಲ. ಒಳಗೆ ಕೂತವರೇ ಕೈ ಚಾಚಿ ಚಿಲಕ ಎತ್ತಬೇಕು. ಅವನಿಗೂ ಅದು ಗೊತ್ತು. ಹಿಡಿ ಬಿಟ್ಟು, ಗಾಜಿನ ಆಚೆ ನಿಂತ. ಗಾಜಿನ ಮೇಲೆ ಶನಿವಾರದ ಮಕ್ಕಳ ಪುಟ್ಟ ಪುಟ್ಟ ಅಂಗೈ ಗುರುತುಗಳು, ಒಂದರ ಮೇಲೊಂದು, ಅವನ ಮುಖದ ಎತ್ತರಕ್ಕೆ.

ಬಾಗಿಲಿಗೆ ಚಾಚಬೇಕಾದ ಸುಮಳ ಎಡಗೈ ಗೇರಿನ ಮೇಲೇ ಇತ್ತು.